ಎರಡು ಹೆರಳಿನ ಶಾಲೆ

ನನ್ನ ಕೂದಲು ಕೆಳಕ್ಕೆ ಬೆಳೆಯುವುದಿಲ್ಲ, ಸುತ್ತಲೂ ಬೆಳೆಯುತ್ತದೆ. ಹುಟ್ಟಿದಾಗಿನಿಂದ ಹಾಗೆಯೇ. ಅವ್ವನದೂ ಹಾಗೆ, ಅಜ್ಜಿಯದೂ ಹಾಗೆ. ನಾವು ಸಿದ್ದಿಗಳು. ಕಲಘಟಗಿಯ ಆಚೆ, ಕಾಡು ಶುರುವಾಗುವ ಕಡೆ, ನಮ್ಮವರದೇ ಕೆಲವು ಮನೆಗಳಿದ್ದವು. ಅಲ್ಲಿ ಎಲ್ಲರ ತಲೆಯೂ ಒಂದೇ ನಮೂನೆ ಇದ್ದುದರಿಂದ ಯಾರ ತಲೆಯ ಬಗ್ಗೆಯೂ ಯಾರೂ ಮಾತಾಡುತ್ತಿರಲಿಲ್ಲ. ನಮ್ಮ ಹಿರಿಯರನ್ನು ಎಂದೋ ಆಫ್ರಿಕಾದಿಂದ ಹಡಗಿನಲ್ಲಿ ತಂದರು ಎಂಬುದು ನನಗೆ ಗೊತ್ತಾದದ್ದು ದೊಡ್ಡವಳಾದ ಮೇಲೆ, ಅದೂ ಓದಿ. ಚಿಕ್ಕಂದಿನಲ್ಲಿ ನನಗೆ ಗೊತ್ತಿದ್ದುದು ಇಷ್ಟೇ: ಅಜ್ಜಿ ತಲೆಗೆ ಔಡಲೆಣ್ಣೆ ಸುರಿದು, ಅಗಲ ಹಲ್ಲಿನ ಹಣಿಗೆ ಹಿಡಿದು, ಕೂದಲನ್ನು ತುದಿಯಿಂದ ಬುಡದ ಕಡೆಗೆ ಬಿಡಿಸುತ್ತ ಬರುತ್ತಿದ್ದಳು. ನಾನು ಅವಳ ತೊಡೆಗೆ ಒರಗಿ ನಿದ್ದೆ ಹೋಗುತ್ತಿದ್ದೆ. ತಲೆ ಎಂದರೆ ಹೆದರಬೇಕಾದ ವಸ್ತು ಎಂದು ನನಗೆ ಕಲಿಸಿದ್ದು ಶಾಲೆ.

ಎಪ್ಪತ್ತರ ದಶಕದ ನಡುವಿನಲ್ಲಿ ನವಲಗುಂದದ ಕಡೆ ಕಾಲುವೆ ಅಗೆಯುವ ಕೆಲಸ ಜೋರಾಗಿ ನಡೆದಿತ್ತು. ಅಪ್ಪ ಕಲ್ಲು ಒಡೆಯುವುದರಲ್ಲಿ ಗಟ್ಟಿಗ. ಕೆಲಸಕ್ಕೆ ಆಳು ಒದಗಿಸುತ್ತಿದ್ದ ಒಬ್ಬ ಸಾಹುಕಾರ ಅವನನ್ನು ಕರೆದ. ಅಪ್ಪ ಒಬ್ಬನೇ ಹೋಗುವವನಿದ್ದ. ಅವ್ವ ಬಿಡಲಿಲ್ಲ. ನಮ್ಮ ಕಡೆಯ ಶಾಲೆ ನಾಲ್ಕನೇ ಇಯತ್ತೆಗೆ ಮುಗಿಯುತ್ತಿತ್ತು, ನಾನು ಅದನ್ನು ಮುಗಿಸಿ ಮನೆಯಲ್ಲಿ ಕೂತಿದ್ದೆ. ಆ ಊರಲ್ಲಿ ಏಳನೆಯವರೆಗೆ ಶಾಲೆ ಇದೆ ಎಂದು ಕೇಳಿದ್ದೇ ಅವ್ವ ಗಂಟುಮೂಟೆ ಕಟ್ಟಿದಳು. ತಾನು ಹೆಬ್ಬೆಟ್ಟು, ಮಗಳಾದರೂ ಓದಲಿ ಎಂಬ ಒಂದೇ ಹಟ ಅವಳದು. ಆ ಹಟಕ್ಕೇ ನಾವು ಆ ಊರಿಗೆ ಹೋದದ್ದು.

ಕಾಡಿನಿಂದ ಹೋದವಳಿಗೆ ಆ ಊರು ಬೆತ್ತಲೆ ಕಂಡಿತು. ಎತ್ತ ನೋಡಿದರೂ ಎರೆಭೂಮಿ, ಹತ್ತಿ, ಜೋಳ. ಅಡಗಿ ನಿಲ್ಲಲು ಒಂದು ದಪ್ಪ ಮರ ಇಲ್ಲ. ನಾವು ಓಣಿಯಲ್ಲಿ ನಡೆದರೆ ಕಟ್ಟೆಯ ಮೇಲಿದ್ದವರ ಮಾತು ನಿಲ್ಲುತ್ತಿತ್ತು. ಸಾಹುಕಾರನ ತಾಯಿ, ನಾವು ಅಮ್ಮಾರು ಎಂದು ಕರೆಯುತ್ತಿದ್ದ ಮುದುಕಿ, ತಮ್ಮ ಕೊಟ್ಟಿಗೆಯ ಬಾಜು ಇದ್ದ ಒಂದು ಖೋಲಿ ನಮಗೆ ಕೊಟ್ಟಳು. ಮೊದಲ ದಿನ ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎಲ್ಲಿಯವರೋ ಏನೋ, ದುಡಿದು ತಿನ್ನವರಾದ್ರ ಇರ್ರಿ" ಎಂದಳು. ಕೆಟ್ಟ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಯಾರಿಗೆ ಅತಿ ಹೆಚ್ಚು ಹೆದರಿದೆನೋ ಆಕೆ ಈಕೆಯೇ.

ಶಾಲೆಯಲ್ಲಿ ಹುಡುಗಿಯರಿಗೆ ನೀಲಿ ಪರಕಾರ, ಬಿಳಿ ಪೋಲಕಾ, ಎರಡು ಹೆರಳು, ಹೆರಳನ್ನು ಮಡಚಿ ಕಟ್ಟಿದ ಕೆಂಪು ರಿಬ್ಬನ್ನು. ಧಾರವಾಡದಿಂದ ಪಾಠ ಕಲಿಸಲು ಬಂದಿದ್ದ ಅಕ್ಕೋರು ಈ ನಿಯಮವನ್ನು ದೇವರ ಮಾತಿನ ಹಾಗೆ ನಡೆಸುತ್ತಿದ್ದರು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಹುಡುಗಿಯರ ಸಾಲಿನ ಹಿಂದೆ ನಡೆಯುತ್ತ ಒಂದೊಂದು ಹೆರಳನ್ನೂ ಎಳೆದು ನೋಡುವರು. ಪರಕಾರ, ಪೋಲಕಾ ಅವ್ವ ಹೇಗೋ ಹೊಲಿದು ಕೊಟ್ಟಿದ್ದಳು. ಕೂದಲನ್ನು ಹೊಲಿಯುವುದು ಹೇಗೆ?

ಮೊದಲ ದಿನ ಅವ್ವ ನೀರು ಹಚ್ಚಿ, ಎಣ್ಣೆ ಹಚ್ಚಿ, ಎರಡೂ ಕಡೆ ಬಿಗಿಯಾಗಿ ಹಿಡಿದು ರಿಬ್ಬನ್ನು ಕಟ್ಟಿ ಕಳಿಸಿದಳು. ಶಾಲೆ ಮುಟ್ಟುವುದರೊಳಗೆ ಒಂದು ಜಾರಿ ಬಿತ್ತು. ಪ್ರಾರ್ಥನೆಯ ನಡುವೆ ಇನ್ನೊಂದು ಬಿತ್ತು. ಕೂದಲು ತನ್ನ ಪಾಡಿಗೆ ತಾನು ಎದ್ದು ನಿಂತಿತು. ಹಿಂದಿನ ಸಾಲಿನಲ್ಲಿ ಒಬ್ಬಳು "ಕರೀ ಹತ್ತಿ ಹಿಂಜಿದಂಗ ಐತಿ" ಎಂದಳು. ಎಲ್ಲರೂ ನಕ್ಕರು. ಅಕ್ಕೋರು ನಗಲಿಲ್ಲ. ನನಗೆ ನಗುವವರಿಗಿಂತ ನಗದವರ ಹೆದರಿಕೆಯೇ ಹೆಚ್ಚು.

"ಇದೇನ ತಲಿ? ಬಾಚೂದಿಲ್ಲೇನ ಮನ್ಯಾಗ?"

"ಬಾಚ್ಯಾರ್ರಿ ಅಕ್ಕೋರ."

"ಬಾಚಿದ್ರ ಹಿಂಗಿರ್ತೈತೇನ? ಎರಡ ಹೆರಳ ಹಾಕ್ಕೊಂಡ ಬಂದ್ರ ಒಳಗ ಬಾ. ಇಲ್ಲಂದ್ರ ಹೊರಗ ನಿಂದ್ರು."

ನಾನು ಹೊರಗೆ ನಿಂತೆ. ಮರುದಿನವೂ ನಿಂತೆ. ಸಾಲಿನಲ್ಲಿ ನಿಂತಾಗ ಅಕ್ಕೋರ ಚಪ್ಪಲಿಯ ಸಪ್ಪಳ ಹಿಂದಿನಿಂದ ಹತ್ತಿರವಾದಂತೆ ಎರಡೂ ರಿಬ್ಬನ್ನನ್ನು ಕೈಯಿಂದ ಹಿಡಿದುಕೊಳ್ಳುತ್ತಿದ್ದೆ. ರಿಬ್ಬನ್ನು ಬೀಳದಿರಲೆಂದು ತಲೆ ಅಲುಗಿಸದೆ ನಡೆಯುವುದನ್ನು ಕಲಿತೆ. ಬೀಳುವುದೇನೂ ನಿಲ್ಲಲಿಲ್ಲ. ಅಪ್ಪ ಒಮ್ಮೆ ಶಾಲೆಯ ತನಕ ಬಂದು, ಟವಲ್ಲು ಕಂಕುಳಲ್ಲಿ ಹಿಡಿದು, "ನಮ್ಮ ಮಂದಿ ಕೂದಲಾನ ಹಿಂಗ್ರಿ" ಎಂದು ಹೇಳಿ ನೋಡಿದ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಒಂದು ಮಾಡಲು ಬರುವುದಿಲ್ಲ ಎಂದು ಅಕ್ಕೋರು ಹೇಳಿದರು. ಎಲ್ಲರಿಗೂ ಒಂದೇ ನಿಯಮ ಎಂಬ ಮಾತು ಕೇಳಲು ಎಷ್ಟು ಚೆಂದ. ಅದು ಯಾರ ತಲೆ ನೋಡಿ ಮಾಡಿದ ನಿಯಮ ಎಂದು ಕೇಳುವ ಬಾಯಿ ಅಪ್ಪನಿಗೂ ಇರಲಿಲ್ಲ, ನನಗೂ ಇರಲಿಲ್ಲ.

ದಾರಿ ಹುಡುಕಿದ್ದು ಅವ್ವ. ನವಲಗುಂದದ ಸಂತೆಗೆ ಹೋದಾಗ ಜಮಖಾನ ನೇಯುವ ಒಂದು ಮನೆಯ ಮುಂದೆ ನಿಂತು, ಕೆಲಸಕ್ಕೆ ಬಾರದ ಕರಿ ನೂಲಿನ ತುಂಡುಗಳನ್ನು ಬೇಡಿ ತಂದಳು. ಆ ಮನೆಯ ಬೀಬಿ ಏನು ಎತ್ತ ಕೇಳದೆ ಒಂದು ಮುಷ್ಟಿ ಕೊಟ್ಟಳಂತೆ. ಅವ್ವ ನನ್ನ ಕೂದಲನ್ನು ಸಣ್ಣ ಸಣ್ಣ ಪಾಲು ಮಾಡಿ, ಪ್ರತಿಯೊಂದಕ್ಕೂ ಬುಡದಿಂದ ತುದಿಯವರೆಗೆ ನೂಲು ಸುತ್ತಿ, ಹೊಸೆದು, ಎಳೆ ಎಳೆಯಾಗಿ ಇಳಿಬಿಟ್ಟಳು. ನೂಲಿನ ಭಾರಕ್ಕೆ ಕೂದಲು ಮೊದಲ ಸಲ ಕೆಳಕ್ಕೆ ಬಿತ್ತು. ಅರ್ಧ ಎಳೆಗಳನ್ನು ಈ ಕಡೆ, ಅರ್ಧ ಆ ಕಡೆ ಕೂಡಿಸಿ ರಿಬ್ಬನ್ನು ಕಟ್ಟಿದಳು. ಬುಡ ಎಷ್ಟು ಬಿಗಿದಿತ್ತೆಂದರೆ ಹುಬ್ಬು ಮೇಲಕ್ಕೆ ಹೋಗಿ, ಕಣ್ಣು ಮುಚ್ಚಲು ಬರುತ್ತಿರಲಿಲ್ಲ. ನೋವಿಗೆ ಅತ್ತೆ. ಅವ್ವ ಬೆನ್ನು ಸವರಿ, "ಒಳಗ ಕುಂದ್ರಬೇಕಲ್ಲ ಮಗಾ, ತಡಕೊ" ಎಂದಳು.

ಅಕ್ಕೋರು ಎರಡೂ ಕಡೆ ಎಳೆದು ನೋಡಿದರು. ಮುಖ ಹುಳ್ಳಗೆ ಮಾಡಿದರು. ಆದರೆ ರಿಬ್ಬನ್ನು ಬೀಳಲಿಲ್ಲ. "ಹೋಗ, ಕುಂದ್ರ ಹೋಗ" ಎಂದರು. ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಕೂತು ನಾನು ಆ ದಿನ ಕೇಳಿದ ಪಾಠ ಯಾವುದು ಎಂಬುದು ನೆನಪಿಲ್ಲ; ನೆಲ ತಣ್ಣಗಿತ್ತು ಎಂಬುದು ನೆನಪಿದೆ.

ಆ ಎಳೆಗಳನ್ನು ಆಗಾಗ ಬಿಚ್ಚಿ, ಬಾಚಿ, ಮತ್ತೆ ಸುತ್ತಬೇಕು. ಅದಕ್ಕೆ ಅರ್ಧ ದಿನ ಬೇಕು. ಅವ್ವನೂ ಅಪ್ಪನ ಜೊತೆ ಕಾಲುವೆಗೆ ಬುಟ್ಟಿ ಹೊರಲು ಹೋಗುತ್ತಿದ್ದಳು. ಸಂತೆಯ ದಿನ ಬಿಡುವು, ಆ ದಿನ ಮನೆಯ ಕೆಲಸವೇ ಮುಗಿಯುತ್ತಿರಲಿಲ್ಲ. ಹೀಗೆ ವಾರಗಳು ಕಳೆದವು. ಎರೆಮಣ್ಣಿನ ಧೂಳು, ಎಣ್ಣೆ, ಬೆವರು ಸೇರಿ ನೂಲೂ ಕೂದಲೂ ಒಂದೇ ಆದವು. ಎಳೆಗಳು ಹಗ್ಗದಷ್ಟು ದಪ್ಪಗಾದವು.

ಒಂದು ಮುಂಜಾನೆ ರಿಬ್ಬನ್ನು ಇನ್ನೂ ಕಟ್ಟಿರಲಿಲ್ಲ. ಎಳೆಗಳನ್ನು ಹಾಗೇ ಇಳಿಬಿಟ್ಟುಕೊಂಡು ಅಂಗಳ ಕಸ ಹೊಡೆಯುತ್ತಿದ್ದೆ. ಅಮ್ಮಾರು ಹಾಲು ಹಿಂಡಿಕೊಂಡು ಕೊಟ್ಟಿಗೆಯಿಂದ ಹೊರಗೆ ಬಂದವಳು ನನ್ನನ್ನು ನೋಡಿ ನಿಂತುಬಿಟ್ಟಳು. ಚರಿಗೆಯನ್ನು ನಿಧಾನ ಕೆಳಗಿಟ್ಟಳು. ಹತ್ತಿರ ಬಂದು ಒಂದು ಎಳೆಯನ್ನು ಮುಟ್ಟಿ, ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ ನನಗೆ, ಕೊಟ್ಟಿಗೆ ಬಾಜುವಿನ ಕೂಲಿಯವರ ಮಗಳಿಗೆ, ಎರಡೂ ಕೈ ಜೋಡಿಸಿದಳು.

"ಜಡಿ ಬಂದಾವ" ಎಂದಳು. "ಗುಡ್ಡದವ್ವ ಬಂದಾಳ ನಮ್ಮ ಅಂಗಳಕ್ಕ."

ಆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಣ್ಣುಮಗಳ ಕೂದಲು ತಾನಾಗಿ ಗಂಟುಗಟ್ಟಿ ಹಗ್ಗವಾಗಿ ಇಳಿದರೆ ಅದು ಎಲ್ಲಮ್ಮ ಕೊಟ್ಟ ಕರೆ. ಆ ಕೂದಲಿಗೆ ಹಣಿಗೆ ತಾಗಿಸಬಾರದು, ಕತ್ತರಿ ತಾಗಿಸಬಾರದು. ತಾಗಿಸಿದರೆ ಮನೆಯಲ್ಲಿ ರಕ್ತ ಕಾರುತ್ತಾರೆ, ದನ ಸಾಯುತ್ತವೆ, ಕಣ್ಣು ಹೋಗುತ್ತವೆ. ಕರೆ ಬಂದ ಹುಡುಗಿಯನ್ನು ಸವದತ್ತಿಯ ಗುಡ್ಡಕ್ಕೆ ಒಯ್ದು ಕೊರಳಿಗೆ ಮುತ್ತು ಕಟ್ಟಿಸಬೇಕು. ಅಲ್ಲಿಂದ ಮುಂದೆ ಅವಳು ದೇವಿಯವಳು.

ಅವ್ವ ಓಡಿ ಬಂದಳು. "ಅಮ್ಮಾರ, ಅದು ಜಡಿ ಅಲ್ರಿ. ನಾನ ನೂಲ ಸುತ್ತೀನ್ರಿ, ಶಾಲಿ ಸಲವಾಗಿ."

"ನೀ ಸುತ್ತಿದಿ ಅಂತ ನೀ ತಿಳಕೊಂಡಿ. ಆಕಿ ಬರಾಕ ಒಂದ ನೆಪ ಬೇಕಾಗಿತ್ತು, ನಿನ್ನ ಕೈಲೆ ಸುತ್ತಿಸ್ಯಾಳ."

ಮುದುಕಿ ಒಳಗಿನಿಂದ ಅರಿಷಿಣದ ಭಂಡಾರ ತಂದು ನನ್ನ ಹಣೆಗೆ, ಎಳೆಗಳಿಗೆ ಹಚ್ಚಿದಳು. ಇನ್ನು ಮೇಲೆ ಹಣಿಗೆ ಹಚ್ಚಬಾರದು, ರಿಬ್ಬನ್ನು ಕಟ್ಟಬಾರದು ಎಂದು ಅಪ್ಪಣೆ ಮಾಡಿದಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಮರುದಿನ ರಿಬ್ಬನ್ನಿಲ್ಲದೆ, ಹಳದಿ ತಲೆ ಹೊತ್ತು ಶಾಲೆಗೆ ಹೋದೆ. ಹೊರಗೆ ನಿಲ್ಲುವುದು ಖಾತ್ರಿ ಎಂದುಕೊಂಡು ಪ್ರಾರ್ಥನೆ ಮುಗಿದ ಕೂಡಲೇ ನಾನೇ ಮುಂಚೆ ನಿಲ್ಲುತ್ತಿದ್ದ ಹೊರಗಿನ ಕಂಬದ ಕಡೆಗೆ ನಡೆದೆ. ಅಕ್ಕೋರು ಬಂದರು. ನನ್ನ ಹಿಂದೆ ಚಪ್ಪಲಿಯ ಸಪ್ಪಳ ನಿಂತಿತು. ಎಳೆಯುವುದನ್ನು ಕಾದೆ. ಎಳೆಯಲಿಲ್ಲ. "ಒಳಗ ಬಾರವ್ವ" ಎಂದರು. ಹತ್ತಿರ ಮಾತ್ರ ಬರಲಿಲ್ಲ. ಎಲ್ಲರಿಗೂ ಒಂದೇ ನಿಯಮ ಎಂದಿದ್ದ ಹೆಂಗಸು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು, ಬಾಜು ಯಾರನ್ನೂ ಕೂರಿಸಲಿಲ್ಲ.

ಒಂದೆರಡು ದಿನ ಹಿತವೆನ್ನಿಸಿತು, ಸುಳ್ಳೇಕೆ. ಯಾರೂ ಕೂದಲು ಎಳೆಯಲಿಲ್ಲ, ಹತ್ತಿ ಎನ್ನಲಿಲ್ಲ. ಅಮ್ಮಾರು ದಿನಾ ಮಜ್ಜಿಗೆ, ಬಿಸಿ ರೊಟ್ಟಿ ಕಳಿಸುತ್ತಿದ್ದಳು. ಅಷ್ಟರಲ್ಲಿ ನನ್ನನ್ನು ಹತ್ತಿ ಎಂದಿದ್ದ ಹುಡುಗಿಗೆ ಜ್ವರ ಬಂತು. ಅವಳ ತಾಯಿ ಅವಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಬಂದು, ಕಾಯಿ ಇಟ್ಟು, ನನ್ನ ಕಾಲು ಮುಟ್ಟಿಸಿದಳು. ಜ್ವರದಲ್ಲಿ ಸುಡುತ್ತಿದ್ದ ಆ ಬೆರಳು ನನ್ನ ಪಾದಕ್ಕೆ ತಾಗಿದ ಕ್ಷಣದಿಂದ ನನಗೆ ನನ್ನದೇ ಹೆದರಿಕೆ ಹುಟ್ಟಿತು. ನಿಜವಾಗಿಯೂ ನನ್ನ ತಲೆಯಲ್ಲಿ ಯಾರೋ ಬಂದು ಕೂತಿದ್ದಾರೆಯೇ? ಅವ್ವ ಸುತ್ತುವಾಗ ನಾನೇ ನೋಡಿದ್ದೆ, ನೂಲು ಅದು, ಜಮಖಾನದ ನೂಲು. ಆದರೂ ಮಲಗುವಾಗ ಎಳೆಗಳು ಬೆನ್ನಿನಡಿ ಸಿಗದಂತೆ ಬೋರಲು ಮಲಗತೊಡಗಿದೆ. ತಲೆ ತುರಿಸಿದರೂ ಕೆರೆದುಕೊಳ್ಳಲು ಧೈರ್ಯವಿರಲಿಲ್ಲ.

ಹುಡುಗಿ ಗುಣವಾದಳು. ಅದು ಇನ್ನೂ ಕೆಟ್ಟದ್ದಾಯಿತು. ಊರಿಗೆ ಯಾವ ಅನುಮಾನವೂ ಉಳಿಯಲಿಲ್ಲ.

ಭಾರತ ಹುಣ್ಣಿಮೆಗೆ ನನ್ನನ್ನು ಗುಡ್ಡಕ್ಕೆ ಕರೆದೊಯ್ಯುವುದೆಂದು ಅಮ್ಮಾರು ತೀರ್ಮಾನಿಸಿದಳು. ಬಂಡಿ ಅವರದೇ, ಹಸಿರು ಸೀರೆ, ಬಳೆ ಅವರದೇ. ಆಕೆಯೂ ಹೆದರಿದ್ದಳು, ಈಗ ಅದು ನನಗೆ ಅರ್ಥವಾಗುತ್ತದೆ. ದೇವಿ ತನ್ನ ಅಂಗಳದಲ್ಲಿ ಕಾಣಿಸಿಕೊಂಡಿದ್ದಾಳೆ, ಕಂಡೂ ಸುಮ್ಮನಿದ್ದರೆ ತನ್ನ ಮಗ, ಮೊಮ್ಮಕ್ಕಳಿಗೆ ಕೇಡು ಎಂದು ಆಕೆ ರಾತ್ರಿ ನಿದ್ದೆ ಬಿಟ್ಟಿದ್ದಳು. ಹೆದರಿದವರ ಕೈಗೆ ಸಿಕ್ಕರೆ ತಪ್ಪಿಸಿಕೊಳ್ಳುವುದು ಕಷ್ಟ.

ಮುತ್ತು ಕಟ್ಟಿದರೆ ಏನಾಗುತ್ತದೆ ಎಂದು ನಾನು ನೀರಿಗೆ ಹೋದಾಗ ಒಬ್ಬ ದೊಡ್ಡ ಹುಡುಗಿಯನ್ನು ಕೇಳಿದೆ.

"ಆಮ್ಯಾಲೆ ನಿನಗ ಲಗ್ನ ಇಲ್ಲ. ಶಾಲೀನೂ ಇಲ್ಲ. ನಮ್ಮೂರ ಜೋಗತಿ ಇಲ್ಲೇನ, ಆಕಿ ಗತೆ ಬುಟ್ಟಿ ಹೊತ್ತು ಮನಿ ಮನಿ ತಿರಗೂದು" ಎಂದಳು. ಇನ್ನೂ ಏನೋ ಹೇಳಲು ಹೊರಟವಳು ಬಾಜುವಿನ ಹೆಂಗಸರನ್ನು ನೋಡಿ ಬಾಯಿ ಮುಚ್ಚಿಕೊಂಡಳು. ಆ ಉಳಿದದ್ದನ್ನು ದೊಡ್ಡವರು ದನಿ ಇಳಿಸಿ ಆಡುತ್ತಿದ್ದರು. ನನಗೆ ಅರ್ಥವಾಗುತ್ತಿರಲಿಲ್ಲ, ಆದರೆ ಆ ಇಳಿಸಿದ ದನಿಯೇ ಸಾಕಿತ್ತು. ಕೊಡ ಅರ್ಧ ತುಂಬಿದ್ದಾಗಲೇ ಎತ್ತಿಕೊಂಡು ಮನೆಗೆ ಓಡಿದೆ.

ಸಂಜೆ ಒಲೆಯ ಮುಂದೆ ಅಪ್ಪ ಅವ್ವನಿಗೆ ಜಗಳವಾಯಿತು. ದನಿ ಎತ್ತುವಂತಿರಲಿಲ್ಲ, ಗೋಡೆಯ ಆಚೆ ಅಮ್ಮಾರು. ಪಿಸುಮಾತಿನಲ್ಲಿ ಜಗಳವಾಡುವುದನ್ನು ನಾನು ಅಂದೇ ಮೊದಲು ನೋಡಿದ್ದು.

"ಹೋಗಿಬಿಡೂಣು. ನಮ್ಮ ಕಾಡಿಗೆ ಹೋಗೂಣು. ಅಲ್ಲಿ ಯಾವ ಗುಡ್ಡನೂ ಇಲ್ಲ" ಎಂದ ಅಪ್ಪ.

"ಹೋದ್ರ ಶಾಲಿ?"

"ಶಾಲಿ ಬೇಕೋ ಮಗಳ ಬೇಕೋ ನಿನಗ?"

"ಎರಡೂ ಬೇಕು" ಎಂದಳು ಅವ್ವ.

"ಮತ್ತ ಬಿಚ್ಚಿಬಿಡು ಅದನ್ನ."

ಅವ್ವ ಒಲೆಯ ಕಟ್ಟಿಗೆಯನ್ನು ಒಳಕ್ಕೆ ನೂಕಿದಳು. ಬಿಚ್ಚುವುದಕ್ಕೆ ಅವಳೂ ಹೆದರಿದ್ದಳು. ನಮ್ಮ ದೇವರುಗಳು ಬೇರೆ, ಕಾಡಿನಲ್ಲಿ ಕಲ್ಲಾಗಿ ನಿಂತ ಹಿರಿಯರು. ಆದರೆ ಪರವೂರಿನಲ್ಲಿ ಇರುವವರಿಗೆ ಆ ಊರಿನ ದೇವರ ಭಯ ಒಂದು ಕೈ ಹೆಚ್ಚೇ ಇರುತ್ತದೆ. ಬಿಚ್ಚಿದ ಮೇಲೆ ಈ ಓಣಿಯಲ್ಲಿ ಒಂದು ಕರು ಸತ್ತರೂ, ಒಂದು ಮಗು ಕೆಮ್ಮಿದರೂ ನಮ್ಮನ್ನು ಕಲ್ಲು ಹೊಡೆದು ಓಡಿಸುತ್ತಾರೆ ಎಂಬುದೂ ಗೊತ್ತಿತ್ತು. ಇನ್ನೊಂದು ಭಯವೂ ಇತ್ತು. ಬಿಚ್ಚಿದರೆ ಕೂದಲು ಮತ್ತೆ ಎದ್ದು ನಿಲ್ಲುತ್ತದೆ, ಅಕ್ಕೋರು ಮತ್ತೆ ಹೊರಗೆ ಹಾಕುತ್ತಾರೆ. ಯಾವ ಕಡೆ ತಿರುಗಿದರೂ ನನ್ನ ತಲೆಯೇ ಅಡ್ಡ ಬರುತ್ತಿತ್ತು. ಈ ತಲೆಯೇ ಇರದಿದ್ದರೆ ಚೆನ್ನಾಗಿತ್ತು ಎಂದು ಮೂಲೆಯಲ್ಲಿ ಕೂತು ಅಂದುಕೊಂಡೆ.

ಹುಣ್ಣಿಮೆ ಹತ್ತಿರ ಬಂದಾಗ, ಒಂದು ಮಂಗಳವಾರ, ಅಮ್ಮಾರು ಊರ ಜೋಗತಿಯನ್ನು ಕರೆಸಿದಳು. ಗುಡ್ಡಕ್ಕೆ ಒಯ್ಯುವ ಮೊದಲು ಜಡೆಯನ್ನು ಅವಳು ನೋಡಿ ಹೌದು ಎನ್ನಬೇಕು, ಅದು ರೂಢಿ. ಅವ್ವ ಆ ದಿನ ಕೆಲಸಕ್ಕೆ ಹೋಗಲಿಲ್ಲ. ನನ್ನನ್ನೂ ಶಾಲೆಗೆ ಕಳಿಸಲಿಲ್ಲ. ಓಣಿಯ ಹೆಂಗಸರು ಊಟ ಮುಗಿಸಿ ಬಂದು ಅಂಗಳದಲ್ಲಿ ಕೂತರು.

ಜೋಗತಿಯನ್ನು ನಾನು ದೂರದಿಂದ ನೋಡಿದ್ದೆ. ತಲೆಯ ಮೇಲೆ ದೇವಿಯ ಮುಖವಿದ್ದ ಬುಟ್ಟಿ, ಬುಟ್ಟಿಯ ಕೆಳಗಿನಿಂದ ಸೊಂಟದವರೆಗೆ ಇಳಿದ ಜಡೆಗಳು. ಅವಳನ್ನು ಕಂಡರೆ ಮಕ್ಕಳು ಬಾಗಿಲ ಹಿಂದೆ ಸೇರುತ್ತಿದ್ದರು, ನಾನೂ ಸೇರುತ್ತಿದ್ದೆ. ಹತ್ತಿರದಿಂದ ನೋಡಿದರೆ ಅವಳಿಗೆ ಹೆಚ್ಚು ವಯಸ್ಸೇ ಆಗಿರಲಿಲ್ಲ, ಅವ್ವನಿಗಿಂತ ತುಸು ದೊಡ್ಡವಳು. ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ನೀರು ಬೇಕು ಎಂದು ನಮ್ಮ ಖೋಲಿಯೊಳಗೆ ಬಂದಳು. ನೀರು ಕುಡಿದು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಒಂದು ಎಳೆ ಹಿಡಿದಳು. ಅವಳು ಹೆಬ್ಬೆರಳಿನಿಂದ ಎಳೆಯನ್ನು ಉಜ್ಜಿ, ಅವ್ವನ ಮುಖ ನೋಡಿದಳು.

"ನೂಲ ಸುತ್ತೀಯಲ್ಲ?"

"ಹೌದಕ್ಕಾ."

"ಬುಡದಾಗ ಇನ್ನೂ ಹಸನ ಐತಿ" ಎಂದಳು. ಆಮೇಲೆ ಹೊರಗಿನವರಿಗೆ ಕೇಳದಂತೆ ಹೇಳಿದಳು: "ನಾ ಹೌದು ಅಂದ್ರ ನಾಳೆನ ಬಂಡಿ ಹೂಡತಾರ. ಅಲ್ಲ ಅಂದ್ರ, ಹುಡುಗಿ ಬಂದ್ರ ತನ್ನ ಪಾಲ ಕಡಿಮಿ ಆಗತೈತಂತ ಸುಳ್ಳ ಹೇಳ್ಯಾಳ ಅಂತಾರ. ನನ್ನ ಮಾತಿಗೆ ಬೆಲಿ ಇಲ್ಲ ತಂಗಿ. ಮಗಳ ನಿನ್ನಾಕಿ."

ಅಷ್ಟು ಹೇಳಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು. ಅವ್ವ ಗೂಡಿನಲ್ಲಿದ್ದ ಔಡಲೆಣ್ಣೆಯ ಬಾಟಲಿ, ಹಣಿಗೆ, ಕೌದಿ ಹೊಲಿಯುವ ದಪ್ಪ ಸೂಜಿ ತೆಗೆದುಕೊಂಡಳು. ನನ್ನ ರಟ್ಟೆ ಹಿಡಿದು ಅಂಗಳಕ್ಕೆ ತಂದು, ಎಲ್ಲರ ನಡುವೆ ಕೂರಿಸಿ, ಹಿಂದೆ ತಾನು ಕೂತಳು.

"ಏನ ಮಾಡಾಕತ್ತೀ?" ಎಂದಳು ಅಮ್ಮಾರು.

"ಬಿಡಸ್ತೀನ್ರಿ. ದೇವಿ ಇದ್ರ ಬಿಡಂಗಿಲ್ಲ. ನೂಲ ಇದ್ರ ಬಿಡತೈತಿ. ಎಲ್ಲಾರೂ ನೋಡ್ರಿ."

ಅಮ್ಮಾರು ಎದ್ದು ನಿಂತಳು. ಯಾರೋ ಒಬ್ಬಳು ತನ್ನ ಕೂಸನ್ನು ಎತ್ತಿಕೊಂಡು ಹೊರಟೇಹೋದಳು. ಉಳಿದವರು ಹಿಂದಕ್ಕೆ ಸರಿದರು, ಹೋಗಲಿಲ್ಲ. ಅವ್ವನ ಸೂಜಿ ಮೊದಲ ಎಳೆಯ ತುದಿಗೆ ತಾಗಿದಾಗ ನಾನು ಕಣ್ಣು ಮುಚ್ಚಿದೆ. ರಕ್ತ ಕಾರುವುದು ನಾನೋ ಅವ್ವನೋ ಎಂದು ಕಾದೆ. ಅವ್ವನ ಮೊಣಕಾಲು ನನ್ನ ಬೆನ್ನಿಗೆ ತಾಗಿತ್ತು.

ನೂಲು ಬಂತು. ಕರಿ ನೂಲು, ಮಣ್ಣು ಹತ್ತಿ ಬೂದಿ ಬಣ್ಣವಾದದ್ದು, ಸುರುಳಿ ಸುರುಳಿಯಾಗಿ. ಅವ್ವ ಅದನ್ನು ಎಲ್ಲರಿಗೂ ಕಾಣುವಂತೆ ಎದುರಿಗೆ ಹಾಕಿದಳು. ನೂಲಿನ ಒಳಗೆ ಕೂದಲು ಗಂಟಾಗಿತ್ತು. ಎಣ್ಣೆ ಹಚ್ಚಿ, ತುದಿಯಿಂದ ಹಿಡಿದು, ಸೂಜಿಯಿಂದ ಒಂದೊಂದೇ ಗಂಟು ಸಡಿಲಿಸಿ, ಹಣಿಗೆ ಆಡಿಸಿದಳು. ಮೊದಲ ಎಳೆ ಬಿಟ್ಟಿತು. ಕೂದಲು ಎದ್ದು ನಿಂತಿತು. ಎರಡನೆಯದೂ ಬಿಟ್ಟಿತು. ಬಿಸಿಲು ಇಳಿಯುತ್ತ ಹೋಯಿತು. ನನ್ನ ಮುಂದೆ ನೂಲಿನ ಗುಡ್ಡೆ ಬೆಳೆಯಿತು.

ಕುತ್ತಿಗೆಯ ಹತ್ತಿರದ ಒಂದು ಎಳೆ ಬಿಡಲಿಲ್ಲ. ಮೊದಮೊದಲು ನಾನು ಅಂಗಾತ ಮಲಗುತ್ತಿದ್ದಾಗ ನೆಲಕ್ಕೆ ತಿಕ್ಕಿ ತಿಕ್ಕಿ ಅದು ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ಅವ್ವ ಎಣ್ಣೆ ಸುರಿದಳು. ಸೂಜಿ ಒಳಗೆ ಹೋಗಲಿಲ್ಲ. ಅಮ್ಮಾರು ಹತ್ತಿರ ಬಂದು ಬಗ್ಗಿ ನೋಡಿದಳು.

"ನೋಡು. ಅದ ಆಕೀದು. ಕೈ ಬಿಡು ಇನ್ನ" ಎಂದಳು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು.

ನನಗೆ ಖಾತ್ರಿಯಾಯಿತು. ಉಳಿದದ್ದೆಲ್ಲ ನೂಲು, ಇದೊಂದು ದೇವಿ. ಒಂದೇ ಸಾಕು ಅವಳಿಗೆ ನನ್ನನ್ನು ಹಿಡಿದೊಯ್ಯಲು. ನಾನು ಅಳತೊಡಗಿದೆ. ಅವ್ವ ಕೈ ಬಿಡಲಿಲ್ಲ. ಕತ್ತರಿಸಿದರೆ ಮುಗಿಯುತ್ತಿತ್ತು, ಆದರೆ ಕತ್ತರಿಸಿದರೆ ಗಂಟು ಬಿಡಲಿಲ್ಲ ಎಂದೇ ಅರ್ಥ, ಅದು ಅವಳಿಗೆ ಗೊತ್ತಿತ್ತು. ಬಗ್ಗಿ, ಆ ಗಂಟಿನ ತುದಿಯನ್ನು ಹಲ್ಲಿನಲ್ಲಿ ಹಿಡಿದು, ಬೆರಳಿನಿಂದ ಒಂದೊಂದೇ ಕೂದಲನ್ನು ಹೊರಗೆಳೆಯತೊಡಗಿದಳು. ಅವಳ ಬಿಸಿ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ದನಗಳು ಮನೆಗೆ ಬಂದವು, ಅವನ್ನು ಕಟ್ಟಲು ಯಾರೂ ಏಳಲಿಲ್ಲ. ಯಾವಾಗಲೋ ಹಣಿಗೆ ನನ್ನ ಕುತ್ತಿಗೆಯಿಂದ ಮೇಲಕ್ಕೆ ಸರಾಗವಾಗಿ ಹೋಯಿತು. ಮತ್ತೊಮ್ಮೆ ಹೋಯಿತು. ಅವ್ವ ಹಣಿಗೆಯನ್ನು ನೆಲಕ್ಕಿಟ್ಟು, ನನ್ನ ಹೆಗಲ ಮೇಲೆ ಹಣೆ ಊರಿ, ಬಿಕ್ಕಿ ಬಿಕ್ಕಿ ಅತ್ತಳು.

ಅಮ್ಮಾರು ಬಹಳ ಹೊತ್ತು ನನ್ನ ತಲೆ ನೋಡಿದಳು. "ನಾಳಿ ಏನರ ಆದ್ರ ನನ್ನ ಕೇಳಬ್ಯಾಡ್ರಿ" ಎಂದು ಒಳಗೆ ಹೋದಳು. ಹೆಂಗಸರು ಒಬ್ಬೊಬ್ಬರೇ ಎದ್ದರು. ಜೋಗತಿ ಮಾತ್ರ ಕೊನೆಯವರೆಗೂ ಕಟ್ಟೆಯ ಮೇಲೆ ಕೂತಿದ್ದಳು. ಆಮೇಲೆ ಬುಟ್ಟಿ ಎತ್ತಿಕೊಂಡು ಹೋದಳು.

ಬಂಡಿ ಹೂಡಲಿಲ್ಲ. ಮಜ್ಜಿಗೆ ನಿಂತಿತು. ಕಲ್ಲು ಒಡೆಯುವ ಆಳು ಬೇಕಾಗಿದ್ದರಿಂದ ಸಾಹುಕಾರ ಅಪ್ಪನನ್ನು ಕೆಲಸದಿಂದ ಬಿಡಿಸಲಿಲ್ಲ. ಆದರೂ ಓಣಿಯಲ್ಲಿ ಮಗು ಅತ್ತರೆ ನಮ್ಮ ಮನೆಯಲ್ಲಿ ಕೈಯ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಕೊಟ್ಟಿಗೆಯಲ್ಲಿ ಎಮ್ಮೆ ಕೆಮ್ಮಿದರೂ ಅವ್ವ ಎದ್ದು ಕೂರುತ್ತಿದ್ದಳು. ನಾವು ಆ ಊರಲ್ಲಿ ಇದ್ದಷ್ಟು ಕಾಲವೂ ಆ ಭಯ ಪೂರ್ತಿ ಹೋಗಲಿಲ್ಲ.

ಬುಧವಾರ ಶಾಲೆಗೆ ಹೋದೆ. ಅವ್ವ ಮತ್ತೆ ನೂಲು ಸುತ್ತಲಿಲ್ಲ, ಅದಕ್ಕೆ ಇನ್ನು ಅವಳ ಕೈ ಏಳಲಿಲ್ಲ. ಬಾಚಿ, ಎಣ್ಣೆ ಹಚ್ಚಿ, ಹಣೆಯ ಮೇಲೆ ಬೀಳದಂತೆ ಒಂದು ಅರಿವೆಯ ಪಟ್ಟಿ ಕಟ್ಟಿದಳು. ಅಕ್ಕೋರಿಗೆ ಸುದ್ದಿ ಮುಟ್ಟಿತ್ತು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ, ಹೆದರಿಸಿದ್ದಕ್ಕೆ ಸಿಟ್ಟಿತ್ತು. ಬಾಗಿಲ ಕಡೆ ಬೆರಳು ತೋರಿದರು. ನಾನು ಹೊರಗೆ ಹೋಗಿ ಕಿಟಕಿಯ ಕೆಳಗೆ ಕೂತೆ. ಆ ವರ್ಷ ಮುಗಿಯುವವರೆಗೂ ಅಲ್ಲೇ ಕೂತು ಓದಿದೆ, ಪರೀಕ್ಷೆಗೆ ಮಾತ್ರ ಒಳಗೆ ಕರೆದರು.

ಆ ವಾರದ ಶುಕ್ರವಾರ ಜೋಗತಿ ಶಾಲೆಯ ಮುಂದೆ ಹಾಯ್ದಳು. ಮಂಗಳವಾರ, ಶುಕ್ರವಾರ ಅವಳು ಊರು ತಿರುಗುವ ದಿನ. ಅಕ್ಕೋರು ಪಾಠ ಬಿಟ್ಟು ಹೊರಗೆ ಬಂದರು, ಚಪ್ಪಲಿ ಕಳಚಿದರು. ಜೋಗತಿ ಬುಟ್ಟಿ ಇಳಿಸಿದಳು. ಅಕ್ಕೋರು ದೇವಿಯ ಮುಖಕ್ಕೆ ಕೈ ಮುಗಿದು, ಭಂಡಾರ ಹಚ್ಚಿಕೊಂಡು, ಜೋಗತಿಯ ಒಂದು ಜಡೆಯನ್ನು ಎರಡೂ ಕೈಗಳಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಒಳಗೆ ಹೋಗಲು ತಿರುಗಿದಾಗ ಕಿಟಕಿಯ ಕೆಳಗಿದ್ದ ನಾನು ಅವರ ಕಣ್ಣಿಗೆ ಬಿದ್ದೆ.

"ತಲಿ ನೆಟ್ಟಗ ಮಾಡ್ಕೊಂಡ ಬಾ ಅಂತ ನಿನಗ ಎಷ್ಟ ಸಲ ಹೇಳೂದು? ನೋಡಿದ್ರ ಅಸಹ್ಯ ಬರತೈತಿ" ಎಂದು ಒಳಗೆ ಹೋದರು.

ಜೋಗತಿ ಎಲ್ಲ ಕೇಳಿಸಿಕೊಂಡಿದ್ದಳು. ಬುಟ್ಟಿಯನ್ನು ಅಲ್ಲೇ ಬಿಟ್ಟು ನನ್ನ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತಳು. ನಾನು ಗೋಡೆಗೆ ಒತ್ತಿಕೊಂಡೆ. ಅವಳು ತನ್ನ ಬೆರಳುಗಳನ್ನು ನನ್ನ ಕೂದಲೊಳಗೆ ಬುಡದವರೆಗೆ ಇಳಿಸಿ, ಮೆಲ್ಲಗೆ ಹೊರಗೆ ಎಳೆದಳು. ಬೆರಳು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಮತ್ತೊಮ್ಮೆ ಹಾಗೇ ಮಾಡಿದಳು.

"ಸಣ್ಣಾಕಿದ್ದಾಗ ನನಗ ಜ್ವರ ಬಂದಿತ್ತು" ಎಂದಳು. "ಬಾಳ ದಿನ ಮಲಗಿದ್ದೆ. ಎದ್ದಾಗ ತಲಿ ಗಂಟಾಗಿತ್ತು, ಅಷ್ಟ. ಬಿಡಿಸಿದ್ರ ಬಿಡತಿತ್ತವ್ವ. ಯಾರೂ ಕುಂದರಲಿಲ್ಲ."

ಎದ್ದು, ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಮುಂದಿನ ಮನೆಗೆ ಹೋದಳು.